ರಾಣಿ ಪಿಂಕ್ ಅಥವಾ ಹವಳ ಗುಲಾಬಿ: ಓದುವ ಕೋಣೆಗೆ ಯಾವುದು?

ಕಿಟಕಿಪಕ್ಕ (ಪ್ರಶ್ನೆ)

ಎರಡು ಗುಲಾಬಿಗಳ ನಡುವೆ ತೀರ್ಮಾನ ಆಗ್ತಿಲ್ಲ. ಎರಡೂ ಗಾಢವಾದವು. "ತಿಳಿ ಗುಲಾಬಿ ಹಚ್ಚಿಬಿಡಿ" ಅನ್ನೋ ಸಲಹೆ ದಯವಿಟ್ಟು ಬೇಡ, ಅದು ಬೇಕಿದ್ದರೆ ಈ ಪ್ರಶ್ನೆಯೇ ಇರ್ತಿರಲಿಲ್ಲ.

ಮೊದಲನೆಯದು ರಾಣಿ ಪಿಂಕ್. ಕಾಗದದ ಹೂವಿನ ಬಣ್ಣ ಅಂದುಕೊಳ್ಳಿ, ನೀಲಿ ಕಡೆಗೆ ವಾಲಿದ್ದು. ಶೇಡ್ ಕಾರ್ಡ್ ಹಿಂದೆ ಎಲ್‌ಆರ್‌ವಿ (ಬೆಳಕು ವಾಪಸ್ ಕಳಿಸೋ ಪ್ರಮಾಣ) 19 ಅಂತಿದೆ. ಎರಡನೆಯದು ಹವಳ ಗುಲಾಬಿ, ಹಳದಿ ಕಡೆಗೆ ವಾಲಿದ್ದು, ಎಲ್‌ಆರ್‌ವಿ 38.

ಕೋಣೆ 12 ಅಡಿ × 10 ಅಡಿ, ಎತ್ತರ 9 ಅಡಿ. ಪೂರ್ವದ ಗೋಡೆಯಲ್ಲಿ 5×4ರ ಒಂದೇ ಕಿಟಕಿ. ಬೆಳಗ್ಗೆ ಎರಡು ಗಂಟೆ ಬಿಸಿಲು ಎದುರಿನ ಪಶ್ಚಿಮದ ಗೋಡೆ ಮೇಲೆ ನೇರ ಬೀಳುತ್ತೆ. ಆಮೇಲೆ ಬರೀ ಆಕಾಶದ ಬೆಳಕು. ಬಾಗಿಲು (3×7) ದಕ್ಷಿಣದ ಗೋಡೆಯಲ್ಲಿ. ಮೇಜು ಉತ್ತರದ ಗೋಡೆಗೆ ಮುಖ ಮಾಡಿದೆ, ಅದು 12 ಅಡಿಯ ಖಾಲಿ ಗೋಡೆ. ನೆಲ ಮರದ ಬಣ್ಣದ ಟೈಲ್ಸ್, ಸೀಲಿಂಗ್ ಬಿಳಿ. ಈಗಿರೋದು ತಿಳಿ ಹಳದಿ, ಸ್ವಲ್ಪ ಹೊಳಪಿನ ಪೇಂಟ್. ಬಲ್ಬ್ 6500 ಕೆಲ್ವಿನ್ (ನೀಲಿ ಛಾಯೆಯ ಬಿಳಿ ಬೆಳಕು) ಎಲ್‌ಇಡಿ. ಕೋಣೆ ಬಳಕೆ ಹೆಚ್ಚಾಗಿ ಸಂಜೆ 6ರ ಮೇಲೆ, ಓದೋಕೆ ಬರೆಯೋಕೆ.

ಯಾವುದು ತಗೊಳ್ಳಲಿ? ನಾಲ್ಕೂ ಗೋಡೆಗಾ, ಒಂದಕ್ಕಾ? ಎಷ್ಟು ಲೀಟರ್, ಎಷ್ಟು ಕೋಟ್? ಇನ್ನೊಂದು: ಗುಲಾಬಿ ಬಣ್ಣ ಮನಸ್ಸನ್ನು ಶಾಂತ ಮಾಡುತ್ತೆ ಅಂತಾರಲ್ಲ, ಅದರಲ್ಲಿ ಹುರುಳಿದೆಯೇ?

ಬೆಳಕಿನಲೆಕ್ಕ

ಕಾರ್ಡ್ ಪಕ್ಕಕ್ಕಿಡಿ, ಮೊದಲು ಬಲ್ಬ್ ಬದಲಾಯಿಸಿ. ಸಂಜೆ ಆರರ ಮೇಲೆ ಬಳಸುವ ಕೋಣೆಯಲ್ಲಿ ಗೋಡೆಯ ಬಣ್ಣದ ಅರ್ಧ ಡಬ್ಬಿಯಲ್ಲಿದ್ದರೆ ಇನ್ನರ್ಧ ಹೋಲ್ಡರ್‌ನಲ್ಲಿರುತ್ತೆ.

ಕಾಮನಬಿಲ್ಲಿನಲ್ಲಿ ಹಸಿರಿಗೆ, ಹಳದಿಗೆ ತಮ್ಮದೇ ಜಾಗ ಇದೆ. ರಾಣಿ ಪಿಂಕ್‌ಗೆ ಇಲ್ಲ. ಬೆಳಕಿನ ಕೆಂಪು ತುದಿಯನ್ನೂ ನೀಲಿ ತುದಿಯನ್ನೂ ವಾಪಸ್ ಕಳಿಸಿ, ನಡುವಿನ ಹಸಿರನ್ನು ನುಂಗಿದಾಗ ಕಣ್ಣಿಗೆ ಕಾಣೋ ಬಣ್ಣ ಅದು. ಆ ಎರಡು ತುದಿಗಳ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆ ಆದರೂ ಬಣ್ಣ ಜಾರುತ್ತೆ. ನಿಮ್ಮ 6500 ಕೆಲ್ವಿನ್ ಎಲ್‌ಇಡಿಯಲ್ಲಿ 450 ನ್ಯಾನೊಮೀಟರ್ ಆಸುಪಾಸು ನೀಲಿಯ ಎತ್ತರದ ಶಿಖರ, ಕಡುಗೆಂಪು ಮಾತ್ರ ತೀರಾ ಬಡಪಾಯಿ. ಅದರ ಕೆಳಗೆ ರಾಣಿ ನೇರಳೆ ಕಡೆಗೆ ಸರಿದುಬಿಡುತ್ತೆ. ಹವಳದ ತೊಂದರೆಯೇ ಬೇರೆ: ಅದು ನಿಂತಿರೋದೇ ಕೆಂಪಿನ ಮೇಲೆ, ಕೆಂಪು ಸಿಗದಿದ್ದರೆ ಬಾಡಿದ ಹಾಗೆ, ಮಣ್ಣು ಬೆರೆತ ಹಾಗೆ ಕಾಣುತ್ತೆ. ಹಳದಿ ಛಾಯೆಯ 2700 ಕೆಲ್ವಿನ್ ಹಾಕಿದರೆ ಆಟ ತಿರುಗಾಮುರುಗಾ. ರಾಣಿ ಕೆಂಪಿಗೆ ಹತ್ತಿರ ಬರುತ್ತೆ, ಹವಳ ನೇರ ಕಿತ್ತಳೆಗೆ ಹೋಗಿ ಕೂರುತ್ತೆ.

ಹಾಗಾಗಿ 3500ರಿಂದ 4000 ಕೆಲ್ವಿನ್ ನಡುವೆ ಇರಲಿ, ಸಿಆರ್‌ಐ (ಬಲ್ಬಿನಡಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನೋ ಅಂಕಿ) 90ಕ್ಕಿಂತ ಮೇಲಿರಲಿ. ಸಿಆರ್‌ಐ ಒಂದನ್ನೇ ನೋಡಿ ಮೋಸಹೋಗಬೇಡಿ. ಆ ಅಂಕಿ ಎಂಟು ಮಂಕು ಬಣ್ಣಗಳ ಸರಾಸರಿ, ಗಾಢ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಗಾಢ ಕೆಂಪಿನ ಲೆಕ್ಕ ಆರ್9 ಅಂತ ಬೇರೆಯೇ ಬರುತ್ತೆ. ಸಿಆರ್‌ಐ 80 ಅಂತ ಬರೆದ ಬಲ್ಬಿನಲ್ಲಿ ಆರ್9 ಸೊನ್ನೆಯ ಹತ್ತಿರ ಇರೋದುಂಟು. ಗುಲಾಬಿ ಗೋಡೆಗೆ ಆರ್9 ಕನಿಷ್ಠ 50 ಬೇಕು. ಪೆಟ್ಟಿಗೆ ಮೇಲೆ ಇಲ್ಲದಿದ್ದರೆ ತಯಾರಕರ ಮಾಹಿತಿ ಪತ್ರದಲ್ಲಿ ಹುಡುಕಿ, ಅಲ್ಲೂ ಇಲ್ಲದಿದ್ದರೆ ಆ ಬಲ್ಬ್ ಬಿಡಿ.

ಎರಡನೇ ವಿಷಯ, ಕತ್ತಲೆ. ಎಲ್‌ಆರ್‌ವಿ ಅಂದರೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಾಪಸ್ ಬರುತ್ತೆ ಅನ್ನೋದು: 0 ಕಪ್ಪು, 100 ಬಿಳಿ. ನಿಮ್ಮ ತಿಳಿ ಹಳದಿ 70ರ ಹತ್ತಿರ ಇರಬಹುದು. ಸೀಲಿಂಗ್ 80, ನೆಲ 30 ಅಂತ ಹಿಡಿದು ಲೆಕ್ಕ ಹಾಕಿದರೆ, ಅದೇ ಬಲ್ಬ್ ಇಟ್ಟುಕೊಂಡು ನಾಲ್ಕೂ ಗೋಡೆಗೆ ರಾಣಿ ಹಚ್ಚಿದಾಗ ಕೋಣೆಯ ಸರಾಸರಿ ಬೆಳಕು ಈಗಿರೋದರ ಅರ್ಧಕ್ಕಿಂತ ಚೂರು ಹೆಚ್ಚು, ಹವಳಕ್ಕೆ ಮೂರರಲ್ಲಿ ಎರಡು ಪಾಲು. ಅಂದರೆ ಓದೋಕೆ ಈಗಿನಷ್ಟೇ ಬೆಳಕು ಬೇಕಾದರೆ ಲ್ಯೂಮೆನ್ (ಬಲ್ಬ್ ಕೊಡೋ ಬೆಳಕಿನ ಅಳತೆ) ಹವಳಕ್ಕೆ ಒಂದೂವರೆ ಪಟ್ಟು, ರಾಣಿಗೆ ಹತ್ತಿರ ಹತ್ತಿರ ಎರಡು ಪಟ್ಟು. ಸೀಲಿಂಗ್ ದೀಪ ಒಂದನ್ನೇ ನಂಬೋ ಬದಲು ಮೇಜಿನ ಮೇಲೊಂದು ದೀಪ ಇಡೋದು ವಾಸಿ.

ಮೂರನೆಯದನ್ನು ಹೆಚ್ಚಿನವರು ಗೋಡೆ ಮುಗಿದ ಮೇಲೆ ಕಂಡು ಬೆಚ್ಚಿಬೀಳ್ತಾರೆ. ಗುಲಾಬಿ ಗೋಡೆಗೆ ಗುಲಾಬಿ ಗೋಡೆ ಎದುರಾದರೆ ಬಣ್ಣ ತಾನೇ ಗುಣಿಸಿಕೊಳ್ಳುತ್ತೆ. ಒಂದು ಸಲ ಬಡಿದು ಬಂದ ಬೆಳಕಿನಲ್ಲಿ ಕೆಂಪು 100ಕ್ಕೆ 70, ಹಸಿರು 100ಕ್ಕೆ 20 ಉಳಿದಿದೆ ಅನ್ನಿ. ಅದು ಎದುರು ಗೋಡೆಗೂ ಬಡಿದರೆ ಕೆಂಪು 49, ಹಸಿರು ಬರೀ 4. ಮೂರೂವರೆಗೆ ಒಂದು ಇದ್ದ ಪ್ರಮಾಣ ಹನ್ನೆರಡಕ್ಕೆ ಒಂದಾಯ್ತು. ಕಾರ್ಡ್‌ನ ಮೇಲಿನ ಎರಡಿಂಚು ಚೌಕದಲ್ಲಿ ಇದು ಎಂದಿಗೂ ಕಾಣಲ್ಲ.

ಅದಕ್ಕೇ ಪರೀಕ್ಷೆ ಹೀಗೆ ಮಾಡಿ. ಒಂದೊಂದು ಬಣ್ಣಕ್ಕೆ 2 ಅಡಿ ಚೌಕದ ಎರಡು ದಪ್ಪ ಕಾರ್ಡ್‌ಬೋರ್ಡ್ ತಗೊಳ್ಳಿ. ಸುತ್ತ 2 ಇಂಚು ಬಿಳಿ ಅಂಚು ಬಿಟ್ಟು, ಹಚ್ಚೋ ಪೇಂಟ್‌ನಿಂದಲೇ ಎರಡು ಕೋಟ್ ಹಾಕಿ. ಅಂಚು ಯಾಕೆಂದರೆ ನಿಮ್ಮ ಹಳದಿ ಗೋಡೆ ಪಕ್ಕದ ಯಾವ ಗುಲಾಬಿಯನ್ನಾದರೂ ನೀಲಿ ಕಡೆ ತಳ್ಳುತ್ತೆ. ಒಂದೇ ಬಣ್ಣದ ಎರಡು ಬೋರ್ಡ್‌ಗಳಿಗೆ ಒಂದು ಬದಿಯ ಅಂಚು ಮಾತ್ರ ಕತ್ತರಿಸಿ, ಆ ಬದಿಗಳನ್ನು ಜೋಡಿಸಿ ಕೋಣೆಯ ಮೂಲೆಯಲ್ಲಿ ಎಲ್ ಆಕಾರದಲ್ಲಿ ನಿಲ್ಲಿಸಿ. ಆ ಮಡಿಕೆಯ ಹತ್ತಿರ ಕಾಣುವ ಬಣ್ಣವೇ ನಾಲ್ಕು ಗೋಡೆ ಹಚ್ಚಿದರೆ ಸಿಗೋ ಬಣ್ಣಕ್ಕೆ ಹತ್ತಿರ. ಬೆಳಗ್ಗೆ 8ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ ಬೆಳಕು ಇಳಿಯುವಾಗ, ರಾತ್ರಿ ಬಲ್ಬಿನಡಿ ನೋಡಿ. ಎರಡು ಬಣ್ಣಗಳನ್ನು ಒಟ್ಟಿಗೆ ಇಟ್ಟು ನೋಡಲೇಬೇಡಿ. ಒಂದನ್ನು ದಿಟ್ಟಿಸಿದ ಮೇಲೆ ಕಣ್ಣಲ್ಲಿ ಹಸಿರು ನೆರಳು ಉಳಿಯುತ್ತೆ, ಮುಂದಿನದು ತಪ್ಪಾಗಿ ಕಾಣುತ್ತೆ. ನಡುವೆ ಒಂದು ನಿಮಿಷ ಬೂದು ಬಣ್ಣದ ಏನನ್ನಾದರೂ ನೋಡಿ.

ಮೂರನೇಕೋಟ್

ಬೆಳಕಿನ ಮಾತು ಅವರು ಹೇಳಿದ್ದಾರೆ, ನಾನು ಡಬ್ಬಿಯ ಮಾತಿಗೆ ಬರ್ತೀನಿ.

ಎರಡು ಬಣ್ಣಗಳಲ್ಲಿ ನಿಜವಾದ ವ್ಯತ್ಯಾಸ ಇರೋದು ಬೇಸ್‌ನಲ್ಲಿ, ಅಂದರೆ ಟಿಂಟ್ (ಬಣ್ಣ) ಬೆರೆಸೋ ಮೂಲ ಪೇಂಟ್‌ನಲ್ಲಿ. ಎಲ್‌ಆರ್‌ವಿ 38ರ ಹವಳವನ್ನು ಸಾಮಾನ್ಯವಾಗಿ ಮಧ್ಯಮ ಬೇಸ್‌ನಲ್ಲಿ ಟಿಂಟ್ ಮಾಡ್ತಾರೆ, ಅದರಲ್ಲಿ ಟೈಟೇನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಸಾಕಷ್ಟಿರುತ್ತೆ, ಗೋಡೆಯನ್ನು ಮುಚ್ಚುತ್ತೆ. ಎಲ್‌ಆರ್‌ವಿ 19ರ ಶುದ್ಧ ರಾಣಿ ಬರಬೇಕಾದರೆ ಡೀಪ್ ಅಥವಾ ಕ್ಲಿಯರ್ ಬೇಸ್ ಬೇಕು, ಬಿಳಿ ಬಹುತೇಕ ಇರಲ್ಲ. ಅದರ ಬಣ್ಣದ ಪುಡಿಯೋ ಗಾಜಿನ ಕಾಗದದ ಹಾಗೆ ಪಾರದರ್ಶಕ. ಬಿಳಿ ಪ್ರೈಮರ್ ಮೇಲೆ ಅದನ್ನು ಉರುಳಿಸಿದರೆ ಮೊದಲ ಕೋಟ್ ಸ್ಟ್ರಾಬೆರಿ ಹಾಲು ಚೆಲ್ಲಿದ ಹಾಗೆ, ರೋಲರ್ ಹೋದ ದಾರಿಯೆಲ್ಲ ಪಟ್ಟೆ ಪಟ್ಟೆ. ಎರಡನೇ ಕೋಟ್‌ಗೂ ಪಟ್ಟೆ ಹೋಗಲ್ಲ. ಡಬ್ಬಿಯನ್ನು ಬೈಯೋದು ಇಲ್ಲೇ ಶುರುವಾಗೋದು, ತಪ್ಪು ಮಾತ್ರ ಕೆಳಗಿನ ಪದರದ್ದು.

ಇದಕ್ಕೆ ಎರಡು ದಾರಿ ಇದೆ. ಒಂದು, ಪ್ರೈಮರನ್ನೇ ಬೂದು ಬಣ್ಣಕ್ಕೆ ಟಿಂಟ್ ಮಾಡಿಸೋದು, ಕೊನೆಯ ಬಣ್ಣದಷ್ಟೇ ಗಾಢತೆ ಇರೋ ಬೂದು. ಕೆಳಗೂ ಮೇಲೂ ಒಂದೇ ಮಟ್ಟದ ಕಪ್ಪು ಬಿಳುಪು ಇದ್ದರೆ ತೆಳುವಾದ ಜಾಗ ಎದ್ದು ಕಾಣಲ್ಲ. ಕೆಂಪಿಗೆ, ಕಂದುಗೆಂಪಿಗೆ ಇದು ಅಚ್ಚುಕಟ್ಟು. ಆದರೆ ರಾಣಿ ಪಿಂಕ್‌ನಂಥ ನಿರ್ಮಲ ಬಣ್ಣದಲ್ಲಿ ಬೂದು ಕೆಳಗಿಂದ ಇಣುಕಿ ಹೊಳಪನ್ನು ಕೊಲ್ಲುತ್ತೆ. ನನಗೆ ಸರಿ ಅನ್ನಿಸೋದು ಎರಡನೆಯದು: ಬಿಳಿ ಪ್ರೈಮರ್, ಅದರ ಮೇಲೆ ಬಿಳಿ ಬೇಸ್‌ನಲ್ಲಿ ಅದೇ ರಾಣಿಯ ತಿಳಿ ರೂಪದ ಒಂದು ಕೋಟ್ (ಎಲ್‌ಆರ್‌ವಿ 45ರಿಂದ 50), ಆಮೇಲೆ ಗಾಢ ಬಣ್ಣ ಎರಡು ಅಥವಾ ಮೂರು ಕೋಟ್. ಉಳಿತಾಯ ಅಂತ ಹವಳದ ಸ್ಯಾಂಪಲ್ ಡಬ್ಬಿಯನ್ನು ಕೆಳಗಿನ ಕೋಟ್‌ಗೆ ಬಳಸಬೇಡಿ, ಹಳದಿ ಛಾಯೆ ಮೇಲೆ ಬಂದು ರಾಣಿಯ ನೀಲಿಯನ್ನು ತಿನ್ನುತ್ತೆ.

ಲೀಟರ್ ಲೆಕ್ಕ: ಗೋಡೆಗಳ ಸುತ್ತಳತೆ 44 ಅಡಿ, ಎತ್ತರ 9, ಒಟ್ಟು 396 ಚದರಡಿ. ಬಾಗಿಲು 21, ಕಿಟಕಿ 20 ಕಳೆದರೆ 355. ನಯವಾದ ಗೋಡೆಗೆ ಒಂದು ಲೀಟರ್ ಒಂದು ಕೋಟ್‌ನಲ್ಲಿ ಸುಮಾರು 110 ಚದರಡಿ ಹೋಗುತ್ತೆ, ಅಂದರೆ ಕೋಟ್‌ಗೆ 3.2 ಲೀಟರ್. ಹವಳ ಎರಡು ಕೋಟ್‌ಗೆ 6.5, ರಾಣಿ ಮೂರು ಕೋಟ್‌ಗೆ 9.7. ಎರಡಕ್ಕೂ ಹತ್ತರಲ್ಲೊಂದು ಪಾಲು ಹೆಚ್ಚಿಗೆ ಇರಲಿ. ಎಲ್ಲ ಡಬ್ಬಿಗಳನ್ನೂ ಒಂದು ದೊಡ್ಡ ಬಕೆಟ್‌ಗೆ ಸುರಿದು ಕಲಸಿ ಆಮೇಲೆ ಶುರು ಮಾಡಿ. ಟಿಂಟಿಂಗ್ ಯಂತ್ರ ಒಂದು ಹನಿ ಹೆಚ್ಚುಕಡಿಮೆ ಮಾಡಿದರೆ ಬಿಳಿಗೆ ಗೊತ್ತಾಗಲ್ಲ, ಗುಲಾಬಿ ಮೂಲೆಯಲ್ಲಿ ಸಿಕ್ಕಿಬೀಳುತ್ತೆ.

ಹಳೇ ಹೊಳಪಿನ ಪೇಂಟ್ ಮೇಲೆ ನೇರ ಹಚ್ಚಿದರೆ ಹೊಸದು ಹಾಳೆ ಹಾಳೆಯಾಗಿ ಎದ್ದು ಬರಬಹುದು. ಸೌಮ್ಯ ಸೋಪು ನೀರಿನಲ್ಲಿ ಒರೆಸಿ, ಒಣಗಿದ ಮೇಲೆ 180ರಿಂದ 220 ನಂಬರಿನ ಎಮರಿ ಪೇಪರ್‌ನಿಂದ ಹೊಳಪು ಸಾಯೋವರೆಗೆ ಉಜ್ಜಿ, ಧೂಳು ತೆಗೆದು ಪ್ರೈಮರ್ ಹಾಕಿ. ಪ್ರೈಮರ್ ಒಣಗಿದ ಮೇಲೆ ಮೂಲೆಯೊಂದರಲ್ಲಿ ಬ್ಲೇಡ್‌ನಿಂದ ಜಾಲರಿ ಗೀರು ಹಾಕಿ, ಟೇಪ್ ಒತ್ತಿ ಕಿತ್ತು ನೋಡಿ. ಚೌಕಗಳು ಟೇಪ್ ಜೊತೆ ಬಂದರೆ ಉಜ್ಜಿದ್ದು ಸಾಲದು. ಹೊಸ ಸಿಮೆಂಟ್ ಪ್ಲಾಸ್ಟರ್ ತೇಪೆ ಎಲ್ಲಾದರೂ ಇದ್ದರೆ 28 ದಿನ ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಹಾಕದೆ ಮುಟ್ಟಬೇಡಿ. ಕ್ಷಾರಕ್ಕೆ ಕೆಲವು ಕೆಂಪು ಪುಡಿಗಳು ಸುಟ್ಟು, ತೇಪೆಯ ಆಕಾರದಲ್ಲೇ ಬಿಳಿಚಿಕೊಳ್ತವೆ.

ಉರುಳಿಸುವಾಗ 9 ಇಂಚಿನ ರೋಲರ್, 10 ಮಿಲಿಮೀಟರ್ ರೋಮ. ಗಾಢ ಬಣ್ಣದಲ್ಲಿ ಹೆಚ್ಚಾಗಿ ಕಾಣೋ ದೋಷ ಫೋಟೊ ಫ್ರೇಮ್: ಅಂಚಿಗೆ ಬ್ರಷ್, ನಡುವೆ ರೋಲರ್ ಬಳಸಿದಾಗ ಎರಡರ ಪದರದ ದಪ್ಪ, ಮೇಲ್ಮೈ ಬೇರೆಯಾಗಿ ಗೋಡೆಯ ಸುತ್ತ ಚೌಕಟ್ಟು ಮೂಡುತ್ತೆ. ಅಂಚಿಗೆ ಬ್ರಷ್ ಎರಡೇ ಇಂಚು ಅಗಲ ಹಚ್ಚಿ, ಅದು ಹಸಿಯಿರುವಾಗಲೇ 4 ಇಂಚಿನ ಪುಟ್ಟ ರೋಲರನ್ನು ಆದಷ್ಟು ಅಂಚಿನವರೆಗೆ ಓಡಿಸಿ. ಒಂದು ಗೋಡೆ ಶುರು ಮಾಡಿದರೆ ಮೂಲೆ ಮುಟ್ಟೋವರೆಗೆ ನಿಲ್ಲಿಸಬೇಡಿ, ಫೋನ್ ಬಂದರೆ ಬರಲಿ. ಹಸಿ ಅಂಚು ಒಣಗಿದರೆ ಅಲ್ಲೊಂದು ಗಾಢ ಗೆರೆ ಖಾಯಂ. ಒದ್ದೆ ಪೇಂಟ್ ತಿಳಿಯಾಗಿ ಕಂಡರೆ ಗಾಬರಿ ಬೇಡ. ನೀರಿನ ಎಮಲ್ಷನ್‌ನಲ್ಲಿ ಅಂಟು ಹಸಿಯಿದ್ದಾಗ ಹಾಲಿನ ಹಾಗಿರುತ್ತೆ, ಒಣಗಿದರೆ ಅಂಟು ಪಾರದರ್ಶಕವಾಗಿ ಬಣ್ಣ ಗಾಢವಾಗುತ್ತೆ. ಕೋಟ್‌ಗಳ ನಡುವೆ 4 ಗಂಟೆ ಅಂತ ಡಬ್ಬಿ ಮೇಲೆ ಇದ್ದರೂ ಇಷ್ಟು ಟಿಂಟ್ ಇರೋ ಬಣ್ಣಕ್ಕೆ 6ರಿಂದ 8 ಗಂಟೆ ಕೊಡಿ.

ಒಂದೇಗೋಡೆ

ನಾಲ್ಕು ಗೋಡೆಗೆ ರಾಣಿ ಬೇಡ. ಒಂದಕ್ಕೇ ಹಚ್ಚಿ, ಉತ್ತರದ ಗೋಡೆಗೆ.

ಕಾರಣ ಚಂದದ್ದಲ್ಲ, ಪುಸ್ತಕದ್ದು. ನೀವು ಹಿಡಿದ ಪುಟ ನಿಮ್ಮ ಕಡೆ ಮುಖ ಮಾಡಿರುತ್ತೆ, ಆದ್ದರಿಂದ ಅದರ ಮೇಲೆ ಬೀಳೋ ಪ್ರತಿಫಲನದ ಬೆಳಕು ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ, ಸೀಲಿಂಗ್‌ನಿಂದ ಬರೋದು. ಬೆನ್ನ ಹಿಂದೆ ಗುಲಾಬಿ ಇದ್ದರೆ ಪುಟವೂ ಗುಲಾಬಿ. ಎದುರಿನ ಗೋಡೆ ಗುಲಾಬಿಯಾದರೆ ಕಣ್ಣಿಗೆ ಬಣ್ಣ ಸಿಗುತ್ತೆ, ಕಾಗದ ಬಿಳಿಯಾಗೇ ಇರುತ್ತೆ. ವಿಡಿಯೊ ಕರೆ ಮಾಡೋರಿಗೆ ಮಾತ್ರ ಇದು ಉಲ್ಟಾ: ಎದುರಿನ ಗುಲಾಬಿ ಗೋಡೆ ಮುಖಕ್ಕೆ ಬಣ್ಣ ಬಳಿಯುತ್ತೆ. ಮೇಜಿನ ದೀಪವನ್ನು ಮುಖದ ಕಡೆ ತಿರುಗಿಸಿದರೆ ಬಹುಪಾಲು ಸರಿಹೋಗುತ್ತೆ.

ಉತ್ತರದ ಗೋಡೆ 108 ಚದರಡಿ, ಕೋಟ್‌ಗೆ ಒಂದು ಲೀಟರ್. ಬೆಳಗಿನ ಬಿಸಿಲು ನೇರ ಬೀಳೋ ಪಶ್ಚಿಮದ ಗೋಡೆಯೂ ತಪ್ಪಿತು. ಉಳಿದ ಮೂರಕ್ಕೆ ಹಳೇ ಹಳದಿ ಬಿಡಬೇಡಿ, ರಾಣಿ ಪಕ್ಕ ಅದು ಹಸಿರುಹಸಿರಾಗಿ ರೋಗಿಷ್ಠವಾಗಿ ಕಾಣುತ್ತೆ. ಚೂರೇ ಕೆಂಪು ಬೆರೆತ ಬಿಳಿ ಇರಲಿ.

ಪುಡಿಬಣ್ಣ

ಬಿಸಿಲಿನ ಮಾತು ಬಂದಿದ್ದರಿಂದ ಇದನ್ನು ಸೇರಿಸ್ತೀನಿ. ಗುಲಾಬಿ ಅಂದರೆ ಒಂದೇ ವಸ್ತುವಲ್ಲ, ಯಾವ ಪುಡಿಯಿಂದ ಆಗಿದೆ ಅನ್ನೋದು ಮುಖ್ಯ. 1859ರಲ್ಲಿ ಫುಕ್ಸಿನ್ ಅನ್ನೋ ಬಣ್ಣ ಬಂದು, ಅದೇ ವರ್ಷ ಇಟಲಿಯ ಮಜೆಂಟಾದಲ್ಲಿ ನಡೆದ ಯುದ್ಧದ ಹೆಸರು ಅದಕ್ಕೆ ಅಂಟಿಕೊಂಡಿತು. ನೋಡೋಕೆ ಬೆಂಕಿ, ಬಿಸಿಲಿಗೆ ಮಾತ್ರ ಬೇಗ ಸೋಲುತ್ತಿತ್ತು. ಗೋಡೆಗೆ ನಂಬಬಹುದಾದ ನೀಲಿಛಾಯೆಯ ಗುಲಾಬಿ ಸಿಕ್ಕಿದ್ದು ಕ್ವಿನಾಕ್ರಿಡೋನ್ ಪುಡಿಗಳಿಂದ, ಅವು 1958ರಲ್ಲಿ ಮಾರುಕಟ್ಟೆಗೆ ಬಂದವು.

ಈಗ ಕೇಳಬೇಕಾದ ಪ್ರಶ್ನೆ: ನಿಮ್ಮ ರಾಣಿಯ ಸೂತ್ರದಲ್ಲಿ ಪಿಆರ್ 122 ಅಥವಾ ಪಿವಿ 19 (ಇವು ಬಣ್ಣದ ಪುಡಿಗಳ ಸಂಕೇತಗಳು) ಇದೆಯೇ? ಅವೇ ಕ್ವಿನಾಕ್ರಿಡೋನ್, ನಿಶ್ಚಿಂತೆ. ಪಿಆರ್ 112ರಂಥ ನ್ಯಾಫ್ಥಾಲ್ ಕೆಂಪುಗಳು ಗಾಢವಾಗಿದ್ದಾಗ ಪರವಾಗಿಲ್ಲ, ಬಿಳಿ ಹೆಚ್ಚು ಬೆರೆತಷ್ಟೂ ಬಿಸಿಲಿಗೆ ಬೇಗ ಮಣಿಯುತ್ತವೆ. ಹವಳದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದರಲ್ಲಿ ಕೆಂಪೂ ಹಳದಿಯೂ ಇರುತ್ತೆ, ಎರಡೂ ಒಂದೇ ವೇಗದಲ್ಲಿ ಮಾಸಲ್ಲ. ಹಳದಿ ಮೊದಲು ಹೋದರೆ ಬಿಸಿಲು ಬೀಳೋ ಚೌಕ ತಣ್ಣನೆಯ ಗುಲಾಬಿಯಾಗುತ್ತೆ, ಕೆಂಪು ಮೊದಲು ಹೋದರೆ ಮಾಸಲು ಕಿತ್ತಳೆ. ಮಾಹಿತಿ ಪತ್ರದಲ್ಲಿ ಬಿಸಿಲು ತಾಳುವ ಶಕ್ತಿಯನ್ನು ಬ್ಲೂ ವುಲ್ ಅಳತೆಯಲ್ಲಿ 1ರಿಂದ 8ರವರೆಗೆ ಕೊಟ್ಟಿರ್ತಾರೆ. ನೇರ ಬಿಸಿಲಿನ ಗೋಡೆಗೆ 7 ಅಥವಾ 8 ಕೇಳಿ. ಫ್ಲೋರೊಸೆಂಟ್ ಗುಲಾಬಿ ಯಾರಾದರೂ ತೋರಿಸಿದರೆ ಮುಟ್ಟಬೇಡಿ, ಎಲ್ಲಕ್ಕಿಂತ ಮೊದಲು ಸಾಯೋದು ಅದೇ.

ಗಾಢ ಟಿಂಟ್‌ನ ಇನ್ನೆರಡು ತೊಂದರೆ. ತೇವ ಹೆಚ್ಚಿದ್ದ ದಿನ ಹಚ್ಚಿದರೆ ಮರುದಿನ ಕಂದು ಬಣ್ಣದ ಜಿಗುಟು ಗೆರೆಗಳು ಕೆಳಗೆ ಇಳಿದಿರಬಹುದು. ಪೇಂಟ್ ಹಾಳಾಗಿಲ್ಲ, ಟಿಂಟ್‌ನೊಳಗಿನ ಸೋಪಿನಂಥ ಅಂಶ ಹೊರಬಂದಿದೆ ಅಷ್ಟೇ. ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿದರೆ ಹೋಗುತ್ತೆ. ಎರಡನೆಯದು, ಮ್ಯಾಟ್ ಫಿನಿಶ್‌ನಲ್ಲಿ ಕುರ್ಚಿಯ ಬೆನ್ನು, ಬ್ಯಾಗು, ತೋಳು ಉಜ್ಜಿದಲ್ಲೆಲ್ಲ ಹೊಳಪಿನ ಕಲೆ ಬೀಳುತ್ತೆ, ಅದು ತೊಳೆದರೆ ಹೋಗಲ್ಲ. ಮೇಜಿನ ಎದುರಿನ ಗೋಡೆಗೆ ಮಂದ ಹೊಳಪಿನ ಸ್ಯಾಟಿನ್ ವಾಸಿ, ಆದರೆ ಪುಟ್ಟಿಯ ಉಬ್ಬುತಗ್ಗು ಎಲ್ಲ ಎತ್ತಿ ತೋರಿಸುತ್ತೆ. ಹಚ್ಚಿ 30 ದಿನ ಆಗೋವರೆಗೆ ಉಜ್ಜಿ ತೊಳೆಯಬೇಡಿ, ಬಟ್ಟೆಗೆ ಗುಲಾಬಿ ಹತ್ತುತ್ತೆ.

ಶಾಂತಿ ವಿಚಾರ: 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆ ಬಂದಿಖಾನೆಯ ಕೋಣೆಯೊಂದಕ್ಕೆ ಗುಲಾಬಿ ಬಳಿದು, ಕೈದಿಗಳ ಸಿಟ್ಟು ಇಳಿಯಿತು ಅಂದರು. ಆ ಬಣ್ಣಕ್ಕೆ ಬೇಕರ್–ಮಿಲ್ಲರ್ ಪಿಂಕ್ ಅಂತ ಹೆಸರೂ ಬಂತು. ಹೆಚ್ಚು ಬಿಗಿಯಾಗಿ ಮಾಡಿದ ಮುಂದಿನ ಪ್ರಯೋಗಗಳಲ್ಲಿ ಆ ಫಲ ನಿಲ್ಲಲಿಲ್ಲ. ಬಣ್ಣ ಇಷ್ಟವಾದರೆ ಹಚ್ಚಿ, ಔಷಧಿ ಅಂತ ಬೇಡ.

ಕಿಟಕಿಪಕ್ಕ

ಬೋರ್ಡ್ ಪರೀಕ್ಷೆ ಆಯ್ತು, 4000 ಕೆಲ್ವಿನ್, ಸಿಆರ್‌ಐ 95, ಆರ್9 60ರ ಬಲ್ಬ್ ಹಾಕಿಕೊಂಡು ಮಾಡಿದೆ.

ಹವಳ: ಬೆಳಗ್ಗೆ 8ಕ್ಕೆ ಅದ್ಭುತ. ಮೂಲೆಯ ಮಡಿಕೆಯಲ್ಲಿ ಒಳಗೆ ದೀಪ ಇಟ್ಟ ಹಾಗೆ ಕಿತ್ತಳೆ ಕೆಂಪು, ಮಡಿಕೆಯಿಂದ ಒಂದು ಗೇಣು ಆಚೆ ಹೋದರೆ ಕಾರ್ಡ್‌ನ ಬಣ್ಣ. ಮಧ್ಯಾಹ್ನ 1ಕ್ಕೆ ಚಪ್ಪೆ. ರಾತ್ರಿ ಚೆನ್ನಾಗಿದೆ, ಆದರೆ ಮರದ ಬಣ್ಣದ ನೆಲದ ಜೊತೆ ಸೇರಿ ಕೆಳಗಿನ ಎರಡಡಿ ಇಟ್ಟಿಗೆಯ ಹಾಗೆ. ರಾಣಿ: ಬೆಳಗ್ಗೆ ಕಣ್ಣು ಕುಕ್ಕುತ್ತೆ, ಸಂಜೆ ಬೆಳಕು ಇಳಿಯುವಾಗ ಸುತ್ತಲಿನ ಎಲ್ಲವೂ ಬೂದಾದರೂ ಅದೊಂದು ಉರೀತಾ ಇರುತ್ತೆ. ರಾತ್ರಿ ಬಲ್ಬಿನಡಿ ಒಂದೇ ಬೋರ್ಡ್ ಸೊಗಸು, ಎರಡು ಜೋಡಿಸಿದರೆ ಮಡಿಕೆಯಲ್ಲಿ ಕಡುಗೆಂಪು, ಬಹುತೇಕ ಕಪ್ಪು. ಹಳೇ 6500 ಬಲ್ಬಿನಲ್ಲಿ ನೋಡಿದಾಗ ಅದೇ ಬೋರ್ಡ್ ಬದನೆಕಾಯಿ.

ನಾಲ್ಕು ಗೋಡೆಗೇ ಆಸೆ ಇತ್ತು. ಈಗ ಏನಂತೀರಿ?

ಬೆಳಕಿನಲೆಕ್ಕ

ನಾಲ್ಕೂ ಗೋಡೆ ಹಟ ಇದ್ದರೆ ಹವಳ, ಆದರೆ ಸೂತ್ರದ ಟಿಂಟ್ ಪ್ರಮಾಣ 75ರಿಂದ 80 ಶೇಕಡಕ್ಕೆ ಇಳಿಸಿ. ಗೋಡೆಗಳು ತಾವೇ ಗುಣಿಸಿಕೊಂಡು ಉಳಿದದ್ದನ್ನು ತುಂಬುತ್ತವೆ. ಹೊಸ ಪ್ರಮಾಣದಲ್ಲಿ ಮತ್ತೆ ಎರಡು ಬೋರ್ಡ್ ಮಾಡದೆ ಪೂರ್ತಿ ಡಬ್ಬಿ ಟಿಂಟ್ ಮಾಡಿಸಬೇಡಿ. ಮಧ್ಯಾಹ್ನದ ಚಪ್ಪೆ ಮಾತ್ರ ಏನು ಮಾಡಿದರೂ ಹೋಗಲ್ಲ, ಆ ಹೊತ್ತಿನ ಆಕಾಶದ ಬೆಳಕಿನಲ್ಲಿ ನೀಲಿ ಹೆಚ್ಚು.

ನೀವು ಬರೆದದ್ದು ಓದಿದರೆ ನಿಮ್ಮ ಕಣ್ಣು ರಾಣಿಯ ಕಡೆ ಇದೆ. ಅದು ಒಂದೇ ಬೋರ್ಡ್‌ನಲ್ಲಿ ಸೊಗಸು, ಎರಡರಲ್ಲಿ ಕಪ್ಪು ಅಂದಿರಿ. ಒಂದು ಗೋಡೆ ಅಂದರೆ ಒಂದು ಬೋರ್ಡ್. ಉತ್ತರಕ್ಕೆ ರಾಣಿ ಹಚ್ಚಿ. ಒಂದೇ ಗೋಡೆಗೆ ಸೂತ್ರ ಇಳಿಸಬೇಕಿಲ್ಲ. ಉಳಿದವು ಬಿಳಿಯಾದ್ದರಿಂದ ಬೆಳಕಿನ ಕೊರತೆಯೂ ಅಷ್ಟಾಗಿ ಕಾಡಲ್ಲ.

ಕಿಟಕಿಪಕ್ಕ

ಸರಿ, ಉತ್ತರಕ್ಕೆ ರಾಣಿ, ಸ್ಯಾಟಿನ್. ಉಳಿದ ಮೂರಕ್ಕೆ ಚೂರು ಕೆಂಪಿನ ಬಿಳಿ. ಕೊನೇ ಪ್ರಶ್ನೆ: ಮೂಲೆಯಲ್ಲಿ ಬಿಳಿ, ಗುಲಾಬಿ ಸೇರೋ ಗೆರೆ ನೇರ ಬರೋದು ಹೇಗೆ? ಮೂಲೆ ಸ್ವಲ್ಪ ಸೊಟ್ಟ ಇದೆ.

ಮೂರನೇಕೋಟ್

ಮೊದಲು ಬಿಳಿ ಮುಗಿಸಿ, ಮೂಲೆ ದಾಟಿ ಗುಲಾಬಿ ಬರೋ ಗೋಡೆ ಮೇಲೂ ಅರ್ಧ ಇಂಚು ಬರಲಿ. 24 ಗಂಟೆ ಒಣಗಲಿ. ಮೂಲೆ ಸೊಟ್ಟ ಇದ್ದರೆ ಟೇಪನ್ನು ಮೂಲೆಗೆ ಅಂಟಿಸಬೇಡಿ. ಸೀಲಿಂಗ್‌ನಿಂದ ತೂಗುಗುಂಡು ಇಳಿಸಿ ಪೆನ್ಸಿಲ್‌ನಿಂದ ನೇರ ಗೆರೆ ಗುರುತು ಮಾಡಿ, ಗೆರೆ ಬಿಳಿ ಗೋಡೆ ಕಡೆ ಒಂದೆರಡು ಮಿಲಿಮೀಟರ್ ಸರಿದರೂ ಕಣ್ಣಿಗೆ ಕಾಣಲ್ಲ, ಅಲೆ ಅಲೆಯಾದರೆ ಮಾತ್ರ ಕಾಣುತ್ತೆ. ಆ ಗೆರೆಗೆ ಟೇಪ್ ಒತ್ತಿ, ಅಂಚಿನ ಮೇಲೆ ಉಗುರು ಓಡಿಸಿ.

ಈಗ ಟೇಪಿನ ಅಂಚಿಗೆ ಗುಲಾಬಿ ಅಲ್ಲ, ಮತ್ತೆ ಅದೇ ಬಿಳಿಯನ್ನು ತೆಳುವಾಗಿ ಸವರಿ. ಟೇಪಿನಡಿ ನುಸುಳೋದು ಏನಿದ್ದರೂ ಬಿಳಿಯೇ ನುಸುಳಿ ಸಂದನ್ನು ಮುಚ್ಚುತ್ತೆ. ಅದು ಒಣಗಿದ ಮೇಲೆ ತಿಳಿ ರಾಣಿಯ ಕೆಳ ಕೋಟ್, ಆಮೇಲೆ ಗಾಢ ಕೋಟ್‌ಗಳು. ಸೀಲಿಂಗ್ ಗೆರೆಗೂ ಇದೇ ಉಪಾಯ, ಅಲ್ಲಿ ಸೀಲಿಂಗ್‌ನ ಬಿಳಿ ಬಳಸಿ. ಕೊನೆಯ ಕೋಟ್ ಇನ್ನೂ ಹಸಿಯಿರುವಾಗ ಟೇಪನ್ನು ತನ್ನ ಮೇಲೇ ಮಡಚಿಕೊಂಡು 45 ಡಿಗ್ರಿ ಓರೆಯಲ್ಲಿ ನಿಧಾನ ಎಳೆಯಿರಿ. ಒಣಗಿಹೋಗಿದ್ದರೆ ಎಳೆಯಬೇಡಿ, ಮೂರು ಕೋಟ್‌ನ ರಬ್ಬರ್ ಹಾಳೆ ಜೊತೆಗೇ ಹರಿದು ಬರುತ್ತೆ. ಮೊದಲು ಟೇಪಿನ ಅಂಚಿಗೆ ಹೊಸ ಬ್ಲೇಡ್ ಮೆತ್ತಗೆ ಓಡಿಸಿ ಪದರ ಕತ್ತರಿಸಿ, ಆಮೇಲೆ ತೆಗೆಯಿರಿ.

ಉಳಿದ ಪೇಂಟನ್ನು ಗಾಳಿಯಾಡದ ಪುಟ್ಟ ಗಾಜಿನ ಬಾಟಲಿಗೆ ತುಂಬಿ, ಸೂತ್ರದ ಚೀಟಿಯನ್ನು ಅದಕ್ಕೇ ಅಂಟಿಸಿಡಿ. ತೇಪೆ ಹಾಕೋ ದಿನ ಬಂದರೆ ಕಲೆಯ ಮೇಲಷ್ಟೇ ಬ್ರಷ್ ಮುಟ್ಟಿಸಬೇಡಿ, ಈ ಬಣ್ಣದಲ್ಲಿ ತೇಪೆ ಹಾಗೇ ಕಾಣುತ್ತೆ. ಮೂಲೆಯಿಂದ ಮೂಲೆಗೆ ಪೂರ್ತಿ ಒಂದು ಕೋಟ್ ಉರುಳಿಸಬೇಕು, ಅದಕ್ಕೆ ಒಂದು ಲೀಟರ್ ಬೇಕು. ಆದ್ದರಿಂದ ಮೂರು ಲೀಟರ್ ಬದಲು ನಾಲ್ಕು ಟಿಂಟ್ ಮಾಡಿಸಿ.